ಲಾಂಛನದ ವರಾಹ, ಗಂಗಾಳದ ಹಂದಿ

ಕನ್ನಡದಲ್ಲಿ ಒಂದೇ ಪ್ರಾಣಿಗೆ ಎರಡು ಹೆಸರು, ಎರಡು ಯೋಗ. ವರಾಹವೆಂದರೆ ವಿಷ್ಣುವಿನ ಅವತಾರ. ಬಾದಾಮಿಯ ಮೂರನೆಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ನಿಂತ ಭವ್ಯ ಮೂರ್ತಿ. ಚಾಲುಕ್ಯ ಅರಸರ ಲಾಂಛನ. ಹಿಂದಿನವರು ಎಣಿಸಿ ಗಂಟು ಕಟ್ಟುತ್ತಿದ್ದ ಚಿನ್ನದ ನಾಣ್ಯ. ಹಂದಿಯೆಂದರೆ ಬೈಗುಳ. ಒಂದು ಹೆಸರಿಗೆ ಕೈ ಮುಗಿಯುತ್ತೇವೆ, ಇನ್ನೊಂದಕ್ಕೆ ಮೂಗು ಮುಚ್ಚುತ್ತೇವೆ. ಈ ಎರಡರ ನಡುವೆ ಅಡುಗೆಮನೆಯೊಂದು ಇತ್ತೆಂಬುದು ಮಾತ್ರ ನಮಗೆ ಮರೆತುಹೋಗಿದೆ.

ಮರೆತದ್ದನ್ನು ನೆನಪಿಸಲು ಈಗೊಂದು ನೆಪ ಸಿಕ್ಕಿದೆ. ಬೆಂಗಳೂರು, ಹೈದರಾಬಾದುಗಳಿಗೆ ಕೆಲಸಕ್ಕೆ ಹೋದವರ ಮನೆಗಳಿಗೆ 'ಏರ್ ಫ್ರೈಯರ್' ಎಂಬ ಮೊಟ್ಟೆಯಾಕಾರದ ಪೆಟ್ಟಿಗೆ ಬಂದು ಕುಳಿತಿದೆ. ಅದರಲ್ಲಿ ಏನೆಲ್ಲ ಮಾಡಬಹುದೆಂಬ ಪಟ್ಟಿಯಲ್ಲಿ ಹಂದಿಮಾಂಸದ ಬರ್ಗರ್ ಕೂಡ ಉಂಟು. ಎಣ್ಣೆಯಿಲ್ಲದೆ, ಮನೆಯಲ್ಲೇ, ಆರೋಗ್ಯಕ್ಕೆ ಹಿತವಾಗಿ ಎಂಬುದು ಅದರ ಹೆಗ್ಗಳಿಕೆ. ಸುರಪುರದ ಕಡೆಯ ಹಿರಿಯರೊಬ್ಬರು ಇದನ್ನು ಕೇಳಿದರೆ ಎರಡರಲ್ಲೊಂದು ಮಾಡುತ್ತಾರೆ: 'ಶಿವ ಶಿವಾ' ಎನ್ನುತ್ತಾರೆ, ಇಲ್ಲವೇ ಮೀಸೆಯಡಿ ನಗುತ್ತಾರೆ. ನಕ್ಕರೆ ಅದಕ್ಕೆ ಕಾರಣವಿದೆ. ಬೆಂಕಿಯ ಶಾಖದಲ್ಲಿ, ತನ್ನ ಕೊಬ್ಬಿನಲ್ಲಿ ತಾನೇ ಬೇಯುವ ಹಂದಿಮಾಂಸ ಈ ಸೀಮೆಗೆ ಹೊಸದಲ್ಲ. ಅದರ ಪಾಕವನ್ನು ಬರೆದಿಟ್ಟವನು ಇಲ್ಲಿಂದ ಬಹು ದೂರವೇನಲ್ಲದ ಕಲ್ಯಾಣದಲ್ಲಿ ಕುಳಿತಿದ್ದ ಚಕ್ರವರ್ತಿ.

ಇಂದಿನ ಶಹಾಪುರ, ಸುರಪುರಗಳ ಸುತ್ತಣ ನಾಡಿಗೆ ಈಗಲೂ ಸಗರನಾಡು ಎಂಬ ಹೆಸರು ನಿಂತಿದೆ. ಶಾಸನಗಳ 'ಸಗರ ಮುನ್ನೂರು' ಇದೇ. ಕಲ್ಯಾಣ ಚಾಲುಕ್ಯರ ಆಳ್ವಿಕೆಯ ನಡುಮನೆಯಂತಿದ್ದ ಪ್ರದೇಶವಿದು. ಶಹಾಪುರದ ಬಳಿಯ ಶಿರವಾಳದಲ್ಲಿ ಇಂದಿಗೂ ಹಾಳುಸುರಿಯುತ್ತ ನಿಂತ ಗುಡಿಗಳ ಗುಂಪು ಆ ಕಾಲದ ಸಿರಿಗೆ ಸಾಕ್ಷಿ. ಆ ವಂಶದ ಹೆಸರಾಂತ ದೊರೆ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. ತಂದೆ ಗೆದ್ದ ರಾಜ್ಯವನ್ನು ಮಗ ಯುದ್ಧದಿಂದ ಬೆಳೆಸಲಿಲ್ಲ, ಪುಸ್ತಕ ಬರೆದ. ಸರ್ವಜ್ಞ ಚಕ್ರವರ್ತಿ ಎಂಬ ಬಿರುದು ಅವನಿಗೆ ಬಂದದ್ದು ಸುಮ್ಮನಲ್ಲ.

ಅವನ ಹೆಸರಿನಲ್ಲಿರುವ 'ಮಾನಸೋಲ್ಲಾಸ' ಸಂಸ್ಕೃತ ಗ್ರಂಥ. 'ಅಭಿಲಷಿತಾರ್ಥ ಚಿಂತಾಮಣಿ' ಎಂದೂ ಅದನ್ನು ಕರೆಯುತ್ತಾರೆ. ಕಾಲ ಕ್ರಿ.ಶ. 1129ರ ಸುಮಾರು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ರಾಜ್ಯ ಗಳಿಸುವುದು, ಅದನ್ನು ಉಳಿಸಿಕೊಳ್ಳುವುದು, ಅನುಭವಿಸುವುದು, ವಿನೋದ, ಕ್ರೀಡೆ ಎಂಬುದು ಅವುಗಳ ಸರಣಿ. ಆನೆ, ಕುದುರೆ, ಸಂಗೀತ, ಚಿತ್ರ, ಬೇಟೆ, ಮೀನು ಹಿಡಿಯುವುದು ಯಾವುದನ್ನೂ ದೊರೆ ಬಿಟ್ಟಿಲ್ಲ. ಮೂರನೆಯ ಭಾಗದಲ್ಲಿ ಬರುವ 'ಅನ್ನಭೋಗ' ಎಂಬ ಅಧ್ಯಾಯ ಅಡುಗೆಯದು. ಇಡ್ಲಿ, ದೋಸೆ, ವಡೆಗಳ ಪೂರ್ವಜರನ್ನು ಹುಡುಕುವವರೆಲ್ಲ ಈ ಅಧ್ಯಾಯದ ಬಾಗಿಲನ್ನು ತಟ್ಟಿಯೇ ತಟ್ಟುತ್ತಾರೆ. ಆದರೆ ಅಲ್ಲಿಂದ ನಾಲ್ಕು ಹೆಜ್ಜೆ ಮುಂದಿಡುವವರು ಕಡಿಮೆ. ಮುಂದಿರುವುದು ಮಾಂಸಪಾಕ.

ಅದರಲ್ಲಿ ಹಂದಿಗೆ ದೊಡ್ಡ ಮರ್ಯಾದೆ. ಹಂದಿಯನ್ನು ಶುಚಿ ಮಾಡುವ ಬಗೆಯನ್ನೇ ದೊರೆ ಬಿಡಿಸಿ ಹೇಳುತ್ತಾನೆ: ಮೈಮೇಲೆ ಕುದಿನೀರನ್ನು ಮತ್ತೆ ಮತ್ತೆ ಸುರಿದು ಕೂದಲು ಸಡಿಲವಾದಾಗ ಕೆರೆದು ತೆಗೆಯಬೇಕು, ಇಲ್ಲವೇ ಹುಲ್ಲಿನ ಉರಿಯಲ್ಲಿ ಸುಟ್ಟು ಕೆರೆಯಬೇಕು, ಚರ್ಮ ತಾವರೆಯ ದಂಟಿನಂತೆ ಬೆಳ್ಳಗಾಗಬೇಕು. ಆಮೇಲೆ ಬೆಂಕಿಯಲ್ಲಿ ಹದವಾಗಿ ಸುಟ್ಟು, ತುಂಡು ಮಾಡಿ, ಮತ್ತೆ ಕೆಂಡಕ್ಕೆ ಹಿಡಿಯಬೇಕು. ಇದಕ್ಕೆ 'ಶುಂಠಕ' ಎಂದು ಹೆಸರು. ಅದನ್ನೇ ತಾಳೆಗರಿಯಂತೆ ತೆಳ್ಳನೆಯ ಪಟ್ಟಿಗಳಾಗಿ ಸೀಳಿ ಮಸಾಲೆ ಬೆರೆಸಿದ ಮೊಸರಿನಲ್ಲಿ ಹಾಕಿದರೆ 'ಚಕ್ಕಲಿಕ'. ಕೊಚ್ಚಿದ ಮಾಂಸದ ಅಡುಗೆಗಳೂ ಉಂಟು. ಮಾಂಸವನ್ನು ನುಣ್ಣಗೆ ಅರೆದು ಉಂಡೆ ಕಟ್ಟಿ ಕರಿಯುವುದು, ಬದನೆಕಾಯಿಯ ಹೊಟ್ಟೆಗೆ ಖೀಮಾ ತುಂಬುವುದು, ಕರುಳಿನಲ್ಲಿ ಮಸಾಲೆ ತುಂಬಿ ಕೆಂಡದ ಮೇಲೆ ಸುಡುವುದು, ಹೀಗೆ. ಹೊಲದ ಇಲಿಯನ್ನೂ ದೊರೆ ಬಿಟ್ಟಿಲ್ಲವೆಂಬುದನ್ನು ಇಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗೋಣ.

ಗಮನಿಸಬೇಕಾದ ಸಂಗತಿ ಒಂದಿದೆ. ಈ ಅಡುಗೆಯಲ್ಲಿ ಮೆಣಸಿನಕಾಯಿ ಇಲ್ಲ, ಟೊಮ್ಯಾಟೊ ಇಲ್ಲ, ಆಲೂಗಡ್ಡೆ ಇಲ್ಲ. ಇವೆಲ್ಲ ಪೋರ್ಚುಗೀಸರ ಹಡಗುಗಳು ಬಂದ ಮೇಲಿನವು. ಖಾರಕ್ಕೆ ಕರಿಮೆಣಸು, ಶುಂಠಿ. ಪರಿಮಳಕ್ಕೆ ಇಂಗು, ಜೀರಿಗೆ, ಕೊತ್ತಂಬರಿ. ಇಂಗಿನ ನೀರಂತೂ ದೊರೆಯ ಅಡುಗೆಮನೆಯಲ್ಲಿ ಧಾರಾಳ.

ಇನ್ನೊಂದು ಸೋಜಿಗವೂ ಇದೆ. ತಮಗೆ ವರಾಹ ಲಾಂಛನ ಭಗವಾನ್ ನಾರಾಯಣನ ಪ್ರಸಾದದಿಂದ ಬಂದದ್ದೆಂದು ಶಾಸನಗಳಲ್ಲಿ ಹೇಳಿಕೊಂಡ ವಂಶ ಇದು. ಲಾಂಛನದ ಪ್ರಾಣಿಯನ್ನು ತಿನ್ನಬಾರದೆಂಬ ಅಳುಕು ದೊರೆಗೆ ಇದ್ದಂತಿಲ್ಲ. ದೇವರ ರೂಪವಾದದ್ದು ತಟ್ಟೆಯಲ್ಲೂ ಇರಬಹುದು ಎಂಬ ನಿರಾಳತೆ ಅವನದು. ನಮಗೆ ಅದು ಕಷ್ಟ. ಪೂಜೆ ಒಂದು ಕಡೆ, ಹೇಸಿಗೆ ಒಂದು ಕಡೆ ಎಂದು ಗೆರೆ ಎಳೆದರೇನೇ ನಮಗೆ ಸಮಾಧಾನ.

ಗೆರೆ ಎಳೆದವರು ಯಾರು? ಒಬ್ಬರ ಹೆಸರು ಹೇಳಲಾಗದು. ಸೋಮೇಶ್ವರ ಕಾಲವಾದದ್ದು 1138ರ ಸುಮಾರಿಗೆ. ಅಲ್ಲಿಂದ ಮೂವತ್ತು ವರ್ಷ ಕಳೆಯುವುದರೊಳಗೆ ಅದೇ ಕಲ್ಯಾಣದಲ್ಲಿ ಬಸವಣ್ಣನವರೂ ಇತರ ಶರಣರೂ ಸೇರಿದರು. ದಯೆಯೇ ಧರ್ಮದ ಬೇರೆಂಬ ಮಾತು ಕನ್ನಡದಲ್ಲಿ ಕೇಳಿತು. ಒಂದೇ ಊರು, ಒಂದೇ ತಲೆಮಾರು. ಅರಮನೆಯ ಅಗ್ಗಿಷ್ಟಿಕೆಯ ಬೂದಿ ಆರುವ ಮೊದಲೇ ಊರಿನ ನಡುವೆ ಬೇರೊಂದು ಪಂಕ್ತಿ ಕುಳಿತಿತ್ತು. ಅದಕ್ಕೂ ಮೊದಲಿನಿಂದ ಜೈನರ ಪ್ರಭಾವ ಇದ್ದೇ ಇತ್ತು. ಅದರ ಗುರುತು ಕನ್ನಡದ ಪಾಕಗ್ರಂಥಗಳಲ್ಲಿದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಯ ಭಾಗವಿದೆ, ಶುದ್ಧ ಸಸ್ಯಾಹಾರ. ಹದಿನಾರನೆಯ ಶತಮಾನದ ಮೊದಲಲ್ಲಿ ಮಂಗರಸ ಬರೆದ 'ಸೂಪಶಾಸ್ತ್ರ'ವೂ ಹಾಗೆಯೇ. ಅಂತೂ ಕನ್ನಡ ನಾಡಿನ ಮಾಂಸದ ಅಡುಗೆ ಸಂಸ್ಕೃತದಲ್ಲಿ ಉಳಿಯಿತು, ಸೊಪ್ಪು ಬೇಳೆಗಳ ಅಡುಗೆ ಕನ್ನಡದಲ್ಲಿ ಉಳಿಯಿತು! ಸಾಮಾನ್ಯ ಲೆಕ್ಕಾಚಾರಕ್ಕೆ ಇದು ತಿರುಗುಮುರುಗು.

ಕನ್ನಡದಲ್ಲಿ ಹಂದಿಯನ್ನು ಕಾಣಬೇಕಾದರೆ ಪುಸ್ತಕ ಬಿಟ್ಟು ಕಲ್ಲಿನ ಬಳಿ ಹೋಗಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 950ರ ಹೊತ್ತಿನದು. ಗಂಗ ಬೂತುಗನ ಮೆಚ್ಚಿನ ವೀರ ಮಣಲೆರ ಯುದ್ಧದಲ್ಲಿ ತೋರಿದ ಸಾಹಸಕ್ಕೆ ಏನು ಬೇಕೆಂದು ಕೇಳಿದಾಗ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ನಾಯಿಗಾಗಿ ಕಲ್ಲು ನಿಂತಿತು, ಕಲ್ಲಿಗೆ ಪೂಜೆಯ ವ್ಯವಸ್ಥೆಯಾಯಿತು. ಕಲ್ಲಿನ ಮೇಲೆ ನಾಯಿಯೂ ಇದೆ, ಹಂದಿಯೂ ಇದೆ. ಸೋತವನಿಗೂ ಅದರಲ್ಲಿ ಜಾಗ ಕೊಟ್ಟಿದ್ದಾರೆ.

ವಿಜಯನಗರದ ಹೊತ್ತಿಗೆ ಬಂದರೆ, 1520ರ ಸುಮಾರಿಗೆ ಆ ಪಟ್ಟಣವನ್ನು ನೋಡಿದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪೇಸ್ ಕಟುಕರ ಬೀದಿಗಳಲ್ಲಿ ಸಾಕಿದ್ದ ಹಂದಿಗಳ ಬಿಳುಪನ್ನೂ ಶುಚಿಯನ್ನೂ ಕಂಡು ಬೆರಗಾದದ್ದನ್ನು ಬರೆದಿದ್ದಾನೆ. ಅವನ ಹಿಂದೆ ಬಂದ ನೂನಿಜ್, ವಿಜಯನಗರದ ಅರಸರು ದನದ ಮಾಂಸ ಬಿಟ್ಟು ಕುರಿ, ಹಂದಿ, ಜಿಂಕೆ, ಮೊಲ ಎಲ್ಲವನ್ನೂ ತಿನ್ನುತ್ತಾರೆಂದು ಹೇಳುತ್ತಾನೆ. ಪೇಟೆಯಲ್ಲಿ ಬಹಿರಂಗವಾಗಿ, ಮರ್ಯಾದೆಯಿಂದ ಮಾರಾಟವಾಗುತ್ತಿದ್ದ ಮಾಂಸ ಅದು.

ಕೃಷ್ಣೆಯ ಈಚೆ, ಭೀಮೆ ಮತ್ತು ಕೃಷ್ಣೆಯರ ನಡುವಣ ಸಗರನಾಡಿನ ಕತೆ ಬೇರೆ. 1347ರಲ್ಲಿ ಬಹಮನಿ ರಾಜ್ಯ ಕಲಬುರ್ಗಿಯಲ್ಲಿ ನೆಲೆಯೂರಿತು. ಆಮೇಲೆ ಬಿಜಾಪುರದ ಆದಿಲಶಾಹಿ, ಮೊಗಲರು, ನಿಜಾಮರು. ಮುಸ್ಲಿಮರಿಗೆ ಹಂದಿ ನಿಷಿದ್ಧ. ಅರಮನೆಯ ಪಾಕಶಾಲೆಯಿಂದ ಅದು ಹೊರಗಾಯಿತು. ಊರಿನ ಲಿಂಗಾಯತರ, ಬ್ರಾಹ್ಮಣರ ಮನೆಗಳಲ್ಲಿ ಅದು ಇರಲೇ ಇಲ್ಲ. ತಿಂಥಣಿ ಮೌನೇಶ್ವರನ ಜಾತ್ರೆಗೆ ಹಿಂದೂ ಮುಸ್ಲಿಮರಿಬ್ಬರೂ ಸೇರುವ ನಾಡು ಇದು. ನೆರೆಯವರ ಮನಸ್ಸು ನೋಯಿಸದೆ ಉಣ್ಣಬೇಕೆಂಬ ರೂಢಿ ಇಲ್ಲಿ ಬೆಳೆದದ್ದು ಸಹಜ. ಹಂದಿಯ ಅಡುಗೆ ಪೇಟೆಯಿಂದ ಸರಿದು ಗುಡ್ಡಕ್ಕೆ ಹೋಯಿತು. ಗುಡ್ಡದಲ್ಲಿ ಇದ್ದವರು ಬೇಡರು.

ಬೇಡ ಎಂಬ ಹೆಸರೇ ಬೇಟೆಯದು. ಈ ಸೀಮೆಯ ಬೇಟೆಗೆ ವಯಸ್ಸು ಕೇಳಿದರೆ ತಲೆ ತಿರುಗುತ್ತದೆ. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ದಶಕಗಳ ಕಾಲ ನಡೆದಾಡಿ ಆದಿಮಾನವನ ಕೈಗೊಡಲಿಗಳನ್ನು ಬೆಳಕಿಗೆ ತಂದರು. ಇಸಾಂಪುರದ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಪ್ರಾಯ ಹೇಳುತ್ತಾರೆ. ಬೂದಿಹಾಳದ ಬೂದಿದಿಬ್ಬದಲ್ಲಿ ನವಶಿಲಾಯುಗದವರು ಪ್ರಾಣಿಗಳನ್ನು ಕಡಿದು ಹಂಚಿಕೊಳ್ಳುತ್ತಿದ್ದ ನೆಲವೇ ಸಿಕ್ಕಿತು. ಅಲ್ಲಿನ ಮೂಳೆಗಳಲ್ಲಿ ಹೆಚ್ಚಿನವು ದನಗಳವು, ಹಂದಿಯವಲ್ಲ. ಆದರೂ ಕಲ್ಲಿನ ಅಲಗಿನಿಂದ ಮಾಂಸ ಕೊಚ್ಚುವ ಕಸುಬು ಈ ಮಣ್ಣಿಗೆ ನಾಲ್ಕು ಸಾವಿರ ವರ್ಷಗಳಷ್ಟು ಹಳೆಯದೆಂಬುದಕ್ಕೆ ಅದು ಸಾಕ್ಷಿ.

ಸುರಪುರದ ನಾಯಕರು ಈ ಬೇಡರ ದೊರೆಗಳು. 1705ರಲ್ಲಿ ಎಂಬತ್ತು ದಾಟಿದ ಔರಂಗಜೇಬ್ ತಾನೇ ಮುಂದೆ ನಿಂತು ಮುತ್ತಿದ ಕೊನೆಯ ಕೋಟೆ ಅವರ ವಾಗಿನಗೇರಿ. ಕೋಟೆ ಬಿತ್ತು, ಪಿಡ್ಡನಾಯಕ ಸಿಕ್ಕಲಿಲ್ಲ. ಗುಡ್ಡಗಾಡಿನ ಹಾದಿ, ಅಡವಿಯ ಅನ್ನ ಗೊತ್ತಿದ್ದವರನ್ನು ಹಿಡಿಯುವುದು ಚಕ್ರವರ್ತಿಗೂ ಆಗದ ಮಾತು. 1841ರ ಹೊತ್ತಿಗೆ ಸುರಪುರಕ್ಕೆ ಬಂದ ಫಿಲಿಪ್ ಮೆಡೋಸ್ ಟೇಲರ್ ಬಾಲಕ ದೊರೆ ವೆಂಕಟಪ್ಪನಾಯಕನ ಪರವಾಗಿ 1853ರವರೆಗೆ ಆಡಳಿತ ನಡೆಸಿದ. ಅವನು ಕಟ್ಟಿಸಿದ ಬಂಗಲೆ ಇಂದಿಗೂ 'ಟೇಲರ್ ಮಂಜಿಲ್'. ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು, ರಾಜನಕೋಳೂರಿನ ಕಲ್ಮನೆಗಳನ್ನು ಲೋಕಕ್ಕೆ ತಿಳಿಸಿದವನೂ ಅವನೇ. ದೊರೆ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ.

ಆ ಹುಡುಗ ದೊಡ್ಡವನಾಗಿ 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ವಿರುದ್ಧ ನಿಂತದ್ದು, ಸೋತು ಸೆರೆಯಾಗಿ ಸಾಗಿಸುವ ದಾರಿಯಲ್ಲಿ ಗುಂಡಿಗೆ ಬಲಿಯಾದದ್ದು ಸುರಪುರದ ಮನೆಮಾತು. ಅದಕ್ಕೆ ಮೂರು ತಿಂಗಳ ಹಿಂದೆ ಮುಧೋಳ ಸೀಮೆಯ ಹಲಗಲಿ ಬೇಡರು ಸಿಡಿದೆದ್ದದ್ದು ನಿಶ್ಶಸ್ತ್ರೀಕರಣದ ಕಾಯಿದೆಯ ಮೇಲೆ. ಚರಿತ್ರೆಯ ಪುಸ್ತಕಗಳು ಇದನ್ನು ರಾಜಕೀಯವಾಗಿ ಮಾತ್ರ ನೋಡುತ್ತವೆ. ಬೇಟೆಗಾರನ ಕೈಯಿಂದ ಆಯುಧ ಕಿತ್ತುಕೊಂಡರೆ ಅವನ ಮಾನವಷ್ಟೇ ಅಲ್ಲ, ಒಲೆಯ ಮೇಲಿನ ಗಡಿಗೆಯೂ ಬರಿದಾಗುತ್ತದೆಂಬುದನ್ನು ಸೇರಿಸಿ ಓದಬೇಕೆಂದು ನನಗನ್ನಿಸುತ್ತದೆ. 1860ರಲ್ಲಿ ಸುರಪುರ ನಿಜಾಮನ ಕೈಗೆ ಹೋಯಿತು. ಸ್ವಾತಂತ್ರ್ಯಾನಂತರ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಕಾಡುಹಂದಿಯ ಬೇಟೆ ಇಂದು ಅಪರಾಧ. ಹೊಲಕ್ಕೆ ನುಗ್ಗಿ ಶೇಂಗಾ ಅಗೆದು ಹಾಕುವ ಹಂದಿಯನ್ನು ಕಂಡು ರೈತ ಹಲ್ಲು ಕಡಿಯಬಹುದು, ಕೈ ಎತ್ತುವಂತಿಲ್ಲ.

ಉಳಿದದ್ದು ಸಾಕಿದ ಹಂದಿ. ಅದರ ಜೊತೆ ಉಳಿದದ್ದು ಅದನ್ನು ಸಾಕುವವರ ಮೇಲಿನ ತಾತ್ಸಾರ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 'ಹಂದಿ ಜೋಗಿ' ಎಂದೇ ಒಂದು ಹೆಸರಿದೆ. ಒಂದು ಸಮುದಾಯದ ಮಕ್ಕಳು ಶಾಲೆಯಲ್ಲಿ ಜಾತಿ ಹೇಳಬೇಕಾದಾಗ ಬೈಗುಳವನ್ನೇ ಉಚ್ಚರಿಸಬೇಕಾದ ಸ್ಥಿತಿ ಅದು. ಇದೇ ಮಾಂಸ ಕೊಡಗಿನಲ್ಲಿ ಕಾಚಂಪುಳಿ ಹಾಕಿದ ಪಂದಿಕರಿಯಾಗಿ ಕಡಂಬಿಟ್ಟಿನ ಜೊತೆ ಮದುವೆಯ ಪಂಕ್ತಿಗೆ ಬರುತ್ತದೆ. ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಬಾಫತ್ ಪುಡಿಯ ಘಮಲಿನೊಂದಿಗೆ ಸಣ್ಣಾಣದ ಪಕ್ಕದಲ್ಲಿ ಕೂರುತ್ತದೆ. ಅಲ್ಲಿ ಅದು ಹಬ್ಬ. ಸಗರನಾಡಿನಲ್ಲಿ ಅದು ಕದ ಮುಚ್ಚಿಕೊಂಡು ಉಣ್ಣುವ ಊಟ. ನಮ್ಮ ಮೂಗು ಮಾಂಸದ ವಾಸನೆಗಿಂತ ಉಣ್ಣುವವನ ಮನೆಯ ಬೀದಿಯನ್ನು ಮೊದಲು ಮೂಸುತ್ತದೆ.

ಶುಚಿಯ ಪ್ರಶ್ನೆಯೇ ಇಲ್ಲವೆಂದು ಹೇಳಲಾಗದು. ಚರಂಡಿಯಲ್ಲಿ ಮೇಯುವ ಬೀದಿಹಂದಿಯಿಂದ ಲಾಡಿಹುಳದ ಭಯ ನಿಜ. ಅದರ ಚಕ್ರ ಹೀಗೆ: ಹುಳವಿರುವ ಮನುಷ್ಯನ ಮಲದಲ್ಲಿ ಮೊಟ್ಟೆಗಳು ಹೊರಬರುತ್ತವೆ, ಹಂದಿ ಅದನ್ನು ತಿಂದರೆ ಅದರ ಮಾಂಸದಲ್ಲಿ ಕೋಶಗಳಾಗುತ್ತವೆ, ಆ ಮಾಂಸವನ್ನು ಅರೆಬೇಯಿಸಿ ತಿಂದವನ ಕರುಳಲ್ಲಿ ಮತ್ತೆ ಹುಳ. ಆದರೆ ಮೊಟ್ಟೆಗಳೇ ನೇರವಾಗಿ ಮನುಷ್ಯನ ಹೊಟ್ಟೆಗೆ ಹೋದರೆ ಕೋಶಗಳು ಮಿದುಳಿನಲ್ಲಿ ಕೂತು ಮೂರ್ಛೆರೋಗ ತರಬಹುದು. ಇದಕ್ಕೆ ಹಂದಿ ತಿನ್ನಲೇಬೇಕೆಂದಿಲ್ಲ. ತೊಳೆಯದ ಸೊಪ್ಪು, ತೊಳೆಯದ ಕೈ ಸಾಕು. ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಈ ಬೇನೆ ಬಂದದ್ದುಂಟು. ತಪ್ಪು ಹಂದಿಯದಲ್ಲ, ಬಯಲು ಶೌಚದ್ದು. ಫಾರ್ಮುಗಳಲ್ಲಿ ಕಟ್ಟಿಹಾಕಿ ಮೇಯಿಸಿದ ಯಾರ್ಕ್‌ಷೈರ್ ತಳಿಯ ಬಿಳಿ ಹಂದಿ ಬೀದಿಹಂದಿಯಲ್ಲ. ಪೇಸ್ ವಿಜಯನಗರದಲ್ಲಿ ಮೆಚ್ಚಿದ್ದು ಇಂಥ ಶುಚಿಯನ್ನೇ.

ಇನ್ನು ಬರ್ಗರಿನ ಮಾತು. 'ಹ್ಯಾಂಬರ್ಗರ್' ಎಂಬ ಹೆಸರಿನಲ್ಲಿ 'ಹ್ಯಾಂ' ಇರುವುದರಿಂದ ಅದು ಹಂದಿಯದೇ ಎಂದುಕೊಂಡವರಿದ್ದಾರೆ. ಅಲ್ಲ. ಅದು ಜರ್ಮನಿಯ ಹ್ಯಾಂಬರ್ಗ್ ಪಟ್ಟಣದ ಹೆಸರು. ವಲಸೆ ಹೋದವರ ಜೊತೆ ಅಮೆರಿಕಕ್ಕೆ ದಾಟಿದ ಕೊಚ್ಚಿದ ದನದ ಮಾಂಸದ ಬಿಲ್ಲೆ ಅದು. 1996ರಲ್ಲಿ ಮೆಕ್‌ಡೊನಾಲ್ಡ್ಸ್ ಭಾರತಕ್ಕೆ ಕಾಲಿಟ್ಟಾಗ ದನವನ್ನೂ ಹಂದಿಯನ್ನೂ ಬಿಟ್ಟಿತು. ವ್ಯಾಪಾರಿಯ ಜಾಣತನ ಎನ್ನಿ, ಸೌಜನ್ಯ ಎನ್ನಿ. ಹೀಗಾಗಿ ಹಂದಿ ಬರ್ಗರ್ ಬೇಕೆನ್ನುವವನಿಗೆ ಮನೆಯ ಅಡುಗೆಯೇ ಗತಿ.

ಏರ್ ಫ್ರೈಯರ್ ಎಂಬ ಯಂತ್ರವನ್ನು ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ತಂದಿಟ್ಟಿತು. ಯೋಚನೆ ಫ್ರೆಡ್ ವಾನ್ ಡರ್ ವೈ ಎಂಬ ಡಚ್ಚನದು. ಹೆಸರಿಗೆ ಕರಿಯುವ ಯಂತ್ರ, ಅಸಲಿಗೆ ಅದು ಪುಟ್ಟ ಒಲೆ. ಮೇಲೆ ಕಾಯುವ ತಂತಿ, ಅದರ ಮೇಲೊಂದು ಫ್ಯಾನು, ಕೆಳಗೆ ತೂತುಗಳ ಬುಟ್ಟಿ. ಬಿಸಿಗಾಳಿ ಜೋರಾಗಿ ಸುತ್ತಿ ಮಾಂಸದ ಹೊರಮೈಯ ನೀರನ್ನು ಒಣಗಿಸುತ್ತದೆ, ಕೆಂಪಗೆ ಗರಿಯಾಗಿಸುತ್ತದೆ. ಕರಗಿದ ಕೊಬ್ಬು ತೂತಿನಿಂದ ಕೆಳಗಿಳಿಯುತ್ತದೆ. ಕೆಂಡದ ಮೇಲೆ ಶುಂಠಕ ಸುಡುವಾಗಲೂ ಕೊಬ್ಬು ಹನಿಹನಿಯಾಗಿ ಕೆಳಗೆ ಬೀಳುತ್ತಿತ್ತು. ಹೊಗೆಯ ಪರಿಮಳ ಮಾತ್ರ ಈ ಪೆಟ್ಟಿಗೆಯಲ್ಲಿ ಸಿಕ್ಕದು. ಯಾವ ಗುಂಡಿ ಒತ್ತಿದರೂ ಸಿಕ್ಕದು.

ಆರೋಗ್ಯದ ಮಾತಿಗೆ ಒಂದು ಮಿತಿ ಹಾಕಿಕೊಳ್ಳುವುದು ಒಳಿತು. ಕರಿಯುವ ಎಣ್ಣೆ ಉಳಿಯಿತು, ನಿಜ. ಖೀಮಾದ ಒಳಗಿನ ಕೊಬ್ಬೆಲ್ಲ ಇಳಿದುಹೋಗುವುದಿಲ್ಲ. ಹಂದಿಮಾಂಸದಲ್ಲಿ ಬಿ1 ಜೀವಸತ್ವ ಧಾರಾಳವಾಗಿದೆ ಎಂಬುದೂ ನಿಜ. ಉಪ್ಪು, ರಾಸಾಯನಿಕ ಹಾಕಿ ಕಾಪಿಟ್ಟ ಹ್ಯಾಂ, ಬೇಕನ್, ಸಾಸೇಜುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ತಾಜಾ ಕೆಂಪು ಮಾಂಸವನ್ನು ಅನುಮಾನದ ಸಾಲಿನಲ್ಲಿಟ್ಟಿತು. ಮನೆಯಲ್ಲಿ ಕೊಚ್ಚಿ ಮಾಡಿದ್ದು ಮೊದಲನೆಯ ಸಾಲಿನದಲ್ಲ ಎಂಬಷ್ಟು ಸಮಾಧಾನ. ದಿನವೂ ತಿನ್ನುವ ಪದಾರ್ಥ ಇದಲ್ಲ.

ಮಾಡುವುದಾದರೆ ಅರ್ಧ ಕಿಲೊ ಭುಜದ ಮಾಂಸ ತಂದು, ಕಣ್ಣೆದುರೇ ಖೀಮಾ ಮಾಡಿಸಿ. ತೀರ ಕೊಬ್ಬಿಲ್ಲದ್ದು ಒಣಕಲಾಗುತ್ತದೆ. ಐದರಲ್ಲೊಂದು ಪಾಲು ಕೊಬ್ಬಿದ್ದರೆ ಹದ. ಸೋಮೇಶ್ವರನ ಡಬ್ಬಿಯಿಂದ ಕರಿಮೆಣಸು, ಜೀರಿಗೆ, ಕೊತ್ತಂಬರಿ ಹುರಿದು ಕುಟ್ಟಿ ಹಾಕಿ. ಹಸಿಶುಂಠಿ, ಚಿಟಿಕೆ ಇಂಗು, ಒಂದು ಸಣ್ಣ ಚಮಚ ಉಪ್ಪು. ಸಣ್ಣಗೆ ಹೆಚ್ಚಿ ಹಿಂಡಿದ ಉಳ್ಳಾಗಡ್ಡಿ ಬೇಕಾದರೆ ಸೇರಿಸಿ. ಹಿಡಿತಕ್ಕೆ ಹುರಿದ ಜೋಳದ ಹಿಟ್ಟು ಎರಡು ಚಮಚ ಸಾಕು. ಹೆಚ್ಚು ನಾದಬೇಡಿ, ರಬ್ಬರಿನಂತಾಗುತ್ತದೆ. ನಾಲ್ಕು ಬಿಲ್ಲೆ ತಟ್ಟಿ ನಡುವೆ ಹೆಬ್ಬೆರಳಿನಿಂದ ಗುಳಿ ಒತ್ತಿ, ಇಲ್ಲವಾದರೆ ಬೇಯುವಾಗ ಚೆಂಡಾಗುತ್ತದೆ. ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟು, 180 ಡಿಗ್ರಿ ಶಾಖದಲ್ಲಿ ಒಂದರ ಮೇಲೊಂದು ಬೀಳದಂತೆ ಜೋಡಿಸಿ 12ರಿಂದ 15 ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಿ.

ಬೆಂದಿತೇ ಎಂದು ಬಣ್ಣ ನೋಡಿ ಹೇಳಬಾರದು. ಇಡಿ ತುಂಡಿನಲ್ಲಿ ಹೊರಮೈಯಲ್ಲಿರುವ ಸೂಕ್ಷ್ಮಜೀವಿಗಳು ಕೊಚ್ಚಿದಾಗ ಒಳಗೆಲ್ಲ ಹರಡಿಕೊಳ್ಳುತ್ತವೆ. ಹಾಗಾಗಿ ಬಿಲ್ಲೆಯ ನಟ್ಟನಡುವೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಅಡುಗೆಯ ಥರ್ಮಾಮೀಟರಿಗೆ ಕೆಲವು ನೂರು ರೂಪಾಯಿ, ಅಷ್ಟೇ. ದೊರೆ ಎರಡು ಸಲ ಬೆಂಕಿಗೆ ಹಿಡಿಯಿರಿ ಎಂದದ್ದು ರುಚಿಗಾಗಿಯೇ ಇರಬಹುದು, ಫಲ ಮಾತ್ರ ಇದೇ.

ಬನ್ನು ಸಿಕ್ಕದಿದ್ದರೆ ಬೇಸರ ಬೇಡ. ಬೇಕರಿಯ ಪಾವ್ ಆಗುತ್ತದೆ. ಅದಕ್ಕಿಂತ ಬಿಸಿ ಜೋಳದ ರೊಟ್ಟಿ ಸೊಗಸು. ನಡುವೆ ಗಟ್ಟಿ ಮೊಸರಿಗೆ ಸಾಸಿವೆ ಅರೆದು ಹಚ್ಚಿ, ಹಸಿ ಸವತಿಕಾಯಿ, ಮೆಂತ್ಯದ ಎಲೆ ಇಟ್ಟು ಮಡಚಬೇಕು. ರೊಟ್ಟಿ ಹೆಂಚಿನಿಂದ ಇಳಿದ ಕೂಡಲೇ ಮಡಚಿ. ಆರಿದ ಮೇಲೆ ಕೈ ಹಾಕಿದರೆ ಚೂರಾಗುತ್ತದೆ.